ಮಿಷನ್ ಬಾಯಿಗೆ ಸಿಕ್ಕಿದ ಕಲ್ಲು

"ಲೇ ನರಸಯ್ಯ, ಬೋಳಿಮಗನೆ! ಮಿಷನ್ ನಿಲ್ಸು ಅಂತ ಯಾವನ್ಲಾ ಏಳಿದ್ದು?"

ಕ್ರಷರ್ ಮಾಲೀಕ ಶಂಕರ್ ಜೀಪಿನಿಂದ ಇಳಿಯುವ ಮೊದಲೇ ಕೂಗಿದ. ನರಸಯ್ಯ ತಲೆಗೆ ಸುತ್ತಿದ್ದ ಟವಲ್ಲನ್ನು ಬಿಚ್ಚಿ ಕಂಕುಳಲ್ಲಿಟ್ಟುಕೊಂಡ. ಪಕ್ಕದಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಜಲ್ಲಿ ಬಾಚುತ್ತಿದ್ದ ಅವನ ಹೆಂಡತಿ ಬೆಟ್ಟಮ್ಮ ಗುದ್ದಲಿ ಊರಿ ನಿಂತಳು.

"ದಪ್ಪ ಗುಂಡ್ಕಲ್ಲು ಬಾಯಿಗೆ ಕಚ್ಕೊಂಡದೆ ಕಣಣ್ಣ. ನಿಲ್ಸುದ್ರೆ ಒಂದ್ ಗಳಿಗೇಲಿ ಕಿತ್ತಾಕ್ಬುಡ್ತೀನಿ."

"ನಿಲ್ಸಿ ಚಾಲು ಮಾಡೋಗಂಟ ಲಾರಿಯೋರು ನಿಮ್ಮಪ್ಪನ್ ತಿಥಿ ಉಣ್ತಾ ಕೂತಿರ್ಬೇಕಾ?" ಶಂಕರ್ ಫೋನನ್ನು ಅವನ ಮೂಗಿಗೆ ಹಿಡಿದ. ಗಂಟೆಗೆ ಎಷ್ಟು ಟನ್ ಜಲ್ಲಿ ಬಿತ್ತು ಎಂಬುದು ಮೈಸೂರಿನ ಮನೆಯಲ್ಲಿ ಕೂತಿದ್ದರೂ ಅವನಿಗೆ ಅದರಲ್ಲಿ ಕಾಣುತ್ತಿತ್ತು. "ನಿಮ್ಮಂಥೋರು ನಲವತ್ತು ಜನ ಮಾಡ್ತಿದ್ ಕೆಲ್ಸ ಇದೊಂದೇ ಮಾಡ್ತದೆ. ನಿಮ್ಮನ್ನ ಇಟ್ಕಂಡಿರೋದೇ ಅದ್ರ ಬಾಯಿ ತೊಳ್ಯಾಕೆ. ಇಳೀಲಾ!"

ಪಾಂಡವಪುರದ ಆಚೆಯ ಆ ಗುಡ್ಡದಲ್ಲಿ ಬೆಳಗಾದರೆ ಸುತ್ತಿಗೆಗಳ ಸದ್ದು ಕೇಳುತ್ತಿದ್ದ ಕಾಲವಿತ್ತು. ಬೆಟ್ಟಮ್ಮ ಬಾಣಂತನ ಮುಗಿಸಿ ಬಂದು, ಕಲ್ಲಿನ ನೆರಳಲ್ಲೇ ಮಗುವನ್ನು ಮಲಗಿಸಿ ಜಲ್ಲಿ ಒಡೆದಿದ್ದಳು. ಹೊಸ ಮಿಷನ್ ಬಂದಮೇಲೆ ನಾಗಮಂಗಲದ ಕಡೆಯವರೆಲ್ಲ ಗಂಟು ಕಟ್ಟಿಕೊಂಡು ಹೋದರು. ಉಳಿದ ನಾಲ್ಕೈದು ಜನಕ್ಕೆ ಮಿಷನ್ನಿನ ಕೈಲಾಗದ ಕೆಲಸ.

ನರಸಯ್ಯ ಹಾರೆ ಹಿಡಿದು ಮಿಷನ್ನಿನ ಬಾಯೊಳಕ್ಕೆ ಇಳಿದ. ಕೆಳಗೆ ಕಬ್ಬಿಣದ ದವಡೆ ಹಲ್ಲು ಕಡಿಯುತ್ತಲೇ ಇತ್ತು. ಹಾರೆ ಮೀಟಿದಾಗ ಗುಂಡು ಹೊರಳಿತು. ಮೊದಲು ಹಾರೆ ಸಿಡಿಯಿತು, ಆಮೇಲೆ ಅವನು ಜಾರಿದ.

ಕ್ಯಾಬಿನ್ನಿನಲ್ಲಿದ್ದ ಆಪರೇಟರ್ ದಿಲೀಪ ನಿಲ್ಲಿಸುವ ಗುಂಡಿ ಅದುಮುವಷ್ಟರಲ್ಲಿ ಮೊಣಕಾಲಿನ ಕೆಳಗೆ ಏನೂ ಉಳಿದಿರಲಿಲ್ಲ.

ನಾಲ್ಕು ಜನ ಸೇರಿ ಎತ್ತಿದರು. ಬೆಟ್ಟಮ್ಮ ಸೆರಗು ಹರಿದು ತೊಡೆಗೆ ಬಿಗಿದಳು. ನರಸಯ್ಯನ ತಮ್ಮ ದ್ಯಾವಯ್ಯ ಜೀಪಿನ ಬಾಗಿಲಿಗೆ ಕೈ ಹಾಕಿದ.

"ಲೇ ಲೇ, ಸೀಟೆಲ್ಲ ರಕ್ತ ಆಯ್ತದೆ. ಟ್ರಾಕ್ಟರಿಗಾಕ್ರಲಾ!" ಎಂದ ಶಂಕರ್. ಆಮೇಲೆ ದನಿ ತಗ್ಗಿಸಿದ. "ಆಸ್ಪತ್ರೆ ಖರ್ಚು ನಾನ್ ನೋಡ್ಕತೀನಿ. ಬೈಕಿಂದ ಬಿದ್ದ ಅನ್ನಿ. ದಿಲೀಪ, ಚಾಲು ಮಾಡು."

ಟ್ರೇಲರಿನಲ್ಲಿ ನರಸಯ್ಯ ಕಣ್ಣು ಬಿಟ್ಟುಕೊಂಡೇ ಇದ್ದ. ಬೆಟ್ಟಮ್ಮ ಅವನ ಹಣೆಯ ದೂಳು ಒರೆಸಿದಳು.

"ದ್ಯಾವಯ್ಯ, ನಿಮ್ಮಣ್ಣನ್ ಜೊತೆ ನೀನೋಗಪ್ಪ. ನಾ ಆಮೇಕೆ ಬತ್ತೀನಿ."

ಟ್ರಾಕ್ಟರು ತಿರುವು ದಾಟುವತನಕ ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ, ಗಂಡ ಇಳಿದಿದ್ದ ಕಡೆಯಿಂದಲೇ ನಿಂತ ಮಿಷನ್ನಿನೊಳಕ್ಕೆ ಇಳಿದಳು.

"ಏಯ್! ಎಲ್ಲಿಗಮ್ಮೀ?" ಶಂಕರ್ ಕೂಗಿದ.

ಬೆಟ್ಟಮ್ಮ ಆ ಗುಂಡುಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಈಗ ಮಾಡು ಚಾಲು."

"ಎದ್ ಬಾರೆ ಲೌಡಿ! ಪೊಲೀಸ್ರುನ್ನ ಕರುಸ್ತೀನಿ!"

"ಕರ್ಸು. ಬೈಕು ಎಲ್ಲದೆ ಅಂತ ಅವ್ರಿಗೂ ತೋರುಸ್ತೀನಿ."

ದಿಲೀಪ ಕ್ಯಾಬಿನ್ನಿನಿಂದ ಇಳಿದು ಬಂದು, ಗುದ್ದಲಿ ಕೆಳಗಿಟ್ಟ ಹೆಂಗಸರ ಪಕ್ಕ ನಿಂತ. ಶಂಕರ್ ಕರೆದರೂ ತಿರುಗಲಿಲ್ಲ. ರಸ್ತೆಯಲ್ಲಿ ಲಾರಿಗಳು ಹಾರನ್ ಹೊಡೆಯತೊಡಗಿದವು. ಶಂಕರ್ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ತಾನೇ ಕ್ಯಾಬಿನ್ನಿನ ಏಣಿ ಹತ್ತತೊಡಗಿದ. ಒಂದೊಂದು ಮೆಟ್ಟಿಲೂ ಕಬ್ಬಿಣದಲ್ಲಿ ಸದ್ದು ಮಾಡಿತು.

ಬೆಟ್ಟಮ್ಮ ತಲೆ ಎತ್ತಲಿಲ್ಲ. ಅಂಗೈ ಊರಿದ್ದ ಕಡೆ ಕಲ್ಲು ಇನ್ನೂ ಒದ್ದೆಯಾಗಿತ್ತು, ಬೆಚ್ಚಗಿತ್ತು.