ನಾಲ್ಕನೇ ಮೂಲೆಯ ಹೂವು

ನಾನೊಂದು ಕೌದಿ. ಅಂಗಡಿಯ ಬಟ್ಟೆ ಮಗ್ಗದಲ್ಲಿ ಹುಟ್ಟುತ್ತದೆ, ನಾನು ಹುಟ್ಟಿದ್ದು ಹರಿಯುವುದರಿಂದ. ಹಳೆಯ ಸೀರೆ, ಹಳೆಯ ಲಂಗ, ಹಳೆಯ ಅಂಗಿಗಳನ್ನು ಪರ್ ಪರ್ ಎಂದು ಹರಿದ ಸದ್ದೇ ನನ್ನ ಜೋಗುಳ.

ಹರಿದವಳು ರೋಜಿನ್. ಹಳಿಯಾಳದ ಕಾಡಂಚಿನ ಸಿದ್ದಿ ಕೇರಿಯ ಹೆಂಗಸು. ನೂರಾರು ವರ್ಷಗಳ ಹಿಂದೆ ಆಫ್ರಿಕದಿಂದ ಹಡಗಿನಲ್ಲಿ ಬಂದಿಳಿದವರ ಮಕ್ಕಳ ಮಕ್ಕಳು ಈ ಸಿದ್ದಿಗಳು. ಗುಂಗುರು ಕೂದಲು, ಕಡುಗಪ್ಪು ಮೈ, ನಾಲಿಗೆಯ ಮೇಲೆ ಕೊಂಕಣಿಯೂ ಕನ್ನಡವೂ. ನನ್ನ ನಟ್ಟನಡುವೆ ಇರುವ ನೀಲಿ ತೇಪೆ ಅವಳ ಗಂಡನ ಅಂಗಿಯದು. ಸೌದೆ ಕದ್ದನೆಂದು ಸಾಹುಕಾರನ ಆಳುಗಳು ಬಾರುಕೋಲಿನಿಂದ ಹೊಡೆದಾಗ ಬೆನ್ನಿನಲ್ಲಿ ಹರಿದದ್ದು. ಆ ಮನುಷ್ಯ ಮತ್ತೆ ನೆಟ್ಟಗೆ ನಡೆಯಲಿಲ್ಲ. ಸತ್ತ ಮೇಲೆ ಅಂಗಿ ಉಳಿಯಿತು. ಆ ಹರುಕನ್ನು ರೋಜಿನ್ ಎಷ್ಟು ಸಣ್ಣ ಹೊಲಿಗೆಯಲ್ಲಿ ಮುಚ್ಚಿದ್ದಾಳೆಂದರೆ, ಕೈಯಾಡಿಸಿದರೆ ಮಾತ್ರ ತಿಳಿಯುತ್ತದೆ.

ಆ ಕೇರಿಯಲ್ಲಿ ಕೌದಿಯ ಕೊನೆಯ ಬದಿ ಹೊಲಿಯುವ ಮುಂಚೆ ಒಳಗೆ ಹಿಡಿ ಅಕ್ಕಿ ಹಾಕುತ್ತಾರೆ. ನೋಡುತ್ತ ಕೂತಿದ್ದ ಪಕ್ಕದ ಮನೆಯ ಮುದುಕಿ ನಕ್ಕಳು.

“ಒಲಿ ಮ್ಯಾಲೆ ಇಡಾಕ ಅಕ್ಕಿ ಇಲ್ಲ, ಕೌದಿಗೆ ಉಣಸ್ತೀಯೇನ ಬಾಯಿ?”

“ನಾವು ಉಪಾಸ ಇದ್ದೇವು. ನಡೀತೈತಿ. ಅದರ ಹೊಟ್ಟಿ ಖಾಲಿ ಇದ್ರ ಹೊದ್ದಾವ್ರಿಗೆ ನಿದ್ದಿ ಬರಂಗಿಲ್ಲ.”

ಆಮೇಲೆ ಕೆಂಪು ಬಟ್ಟೆಯ ಚೂರುಗಳನ್ನು ಮಡಚಿ ಮಡಚಿ ನಾಲ್ಕೂ ಮೂಲೆಗೆ ಒಂದೊಂದು ಹೂವು ಹೊಲಿದಳು. ಮೂಲೆಯಲ್ಲಿ ಹೂವಿಲ್ಲದ ಕೌದಿ ಬೆತ್ತಲೆ, ಬೆತ್ತಲೆ ಕೌದಿಯನ್ನು ಹೊಸಿಲು ದಾಟಿಸಬಾರದು. ಇದು ಅವರ ಲೆಕ್ಕ. ಹೂವು ಒಣಗಿದ ಗಾಯದ ಹಾಗೆ ಗಟ್ಟಿಯಾಗಿತ್ತು. ನನಗದು ಹೆಮ್ಮೆ.

ನನ್ನನ್ನು ಹೊದ್ದು ಬೆಳೆದವನು ಅವಳ ಮಗ ಇನಾಸ್. ಶಾಲೆಯಲ್ಲಿ ಹುಡುಗರು ಅವನ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನಿಲ್ಲುತ್ತದೋ ಬೀಳುತ್ತದೋ ಎಂದು ಪಂದ್ಯ ಕಟ್ಟುತ್ತಿದ್ದರು. ಒಬ್ಬನ ಹಲ್ಲು ಮುರಿದು ಶಾಲೆ ಬಿಟ್ಟ. ಆ ರಾತ್ರಿ ನನ್ನೊಳಗೆ ಮುಖ ಹುದುಗಿಸಿ ಅತ್ತದ್ದು ನನಗೊಬ್ಬಳಿಗೇ ಗೊತ್ತು. ಮನೆಯಲ್ಲಿ ಗಂಜಿಗೂ ತತ್ವಾರವಾದಾಗ, ಹುಬ್ಬಳ್ಳಿಯ ಈರುಳ್ಳಿ ಮಾರುಕಟ್ಟೆಯಲ್ಲಿ ಹಮಾಲಿ ಸಿಗುತ್ತದೆಂದು ನನ್ನನ್ನು ಸುತ್ತಿ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದ. ಬಸ್ಸು ತುಂಬಿ ತುಳುಕಿದರೂ ಅವನ ಪಕ್ಕದ ಸೀಟಿನಲ್ಲಿ ಹುಬ್ಬಳ್ಳಿಯವರೆಗೂ ನಾನೇ ಕೂತೆ.

ರೂಮು ಕೇಳಲು ಹೋದರೆ ಮನೆಯೊಡತಿ ಬಾಗಿಲು ಅರ್ಧ ತೆರೆದಳು.

“ನಿಮ್ಮ ದೇಶದವ್ರಿಗೆ ರೂಮ್ ಕೊಡಂಗಿಲ್ಲಪಾ.”

“ನಾ ಹಳಿಯಾಳದಾಂವ್ರಿ ಅಮ್ಮಾರ.”

“ಕನ್ನಡಾ ಭಾಳ ಛಲೋ ಕಲ್ತೀಯಲ್ಲ. ಎಷ್ಟ್ ವರ್ಷಾತು ಬಂದು?”

ಮಾರುಕಟ್ಟೆಯಲ್ಲಿ ಅವನ ಹೆಸರು ಕೇಳಿದವರು ಒಬ್ಬರೇ, ಹಮಾಲರ ಮೇಸ್ತ್ರಿ ಗಂಗಪ್ಪ. “ಇನಾಸ ಅಂತೇನ? ಛಲೋ ಐತಿ. ಆ ಚೀಲ ಎತ್ತು ನೋಡೋಣ ಇನಾಸ.” ಉಳಿದವರಿಗೆಲ್ಲ ಅವನು ಕರಿಯಾ. ಮಲಗಲು ಜಾಗ ಕೊಟ್ಟವನು ಮಾತ್ರ ಬೇರೆ. ಮಾರುಕಟ್ಟೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ದಾನ್ಯಾ ಇದ್ದ, ಅವನ ಜೊತೆಗೆ ಮುತ್ತ್ಯಾ, ಬಾಳ್ಯಾ. ಮೂವರೂ ಇನಾಸನದೇ ವಯಸ್ಸಿನವರು. ಅವನಿಗೆ ‘ವಿಂಡೀಸ್’ ಎಂದು ಹೆಸರಿಟ್ಟರು, ತಟ್ಟೆಯಲ್ಲಿದ್ದ ಮಿರ್ಚಿಯನ್ನು ಹಂಚಿಕೊಂಡರು. ಚಳಿಯಲ್ಲಿ ನಾಲ್ವರೂ ನನ್ನೊಳಗೇ ಕಾಲು ತೂರಿಸುತ್ತಿದ್ದರು. ಸುಳ್ಳೇಕೆ ಹೇಳಲಿ, ಆ ಕಾಲುಗಳು ಬೆಚ್ಚಗಿದ್ದವು.

ಅಂಗಡಿಯವರನ್ನು ಹೆದರಿಸಿ ವಸೂಲಿ ಮಾಡುವುದು ದಾನ್ಯಾನ ಕೆಲಸ. “ವಿಂಡೀಸ್, ನೀ ಏನೂ ಮಾಡಬ್ಯಾಡ. ನನ್ನ ಹಿಂದ ಸುಮ್ನ ನಿಂದ್ರು.” ಇನಾಸ್ ನಿಂತ. ಅಂಗಡಿಯವರು ದಾನ್ಯಾನನ್ನು ನೋಡಲೇ ಇಲ್ಲ, ಅವನ ಹೆಗಲ ಮೇಲಿಂದ ಇನಾಸನ ಮುಖ ನೋಡಿ ಬೆವತರು. ಊರೆಲ್ಲ ನಗುತ್ತಿದ್ದ ಮುಖಕ್ಕೆ ಈಗ ಊರು ಹೆದರುತ್ತಿತ್ತು. ಅಂದು ಶೆಡ್ಡಿಗೆ ಬಂದು ಒಡೆದ ಕನ್ನಡಿಯಲ್ಲಿ ಅವನು ಬಹಳ ಹೊತ್ತು ತನ್ನನ್ನೇ ನೋಡಿಕೊಂಡ.

ನಿಲ್ಲುವುದು ಎಷ್ಟು ದಿನ ಸಾಕಾದೀತು? ಬಾಳ್ಯಾ ಒಬ್ಬ ಬೀಡಿ ಅಂಗಡಿಯವನ ಬೆರಳು ಮುರಿದು ಬಂದ. ಮುತ್ತ್ಯಾ ಇನ್ನೊಬ್ಬನ ತಲೆ ಒಡೆದ. “ವಿಂಡೀಸ್‌ಗೆ ನಿಂದ್ರೂದಷ್ಟ ಬರ್ತೈತಿ. ಹೊಲದಾಗಿನ ಬೆದರುಗೊಂಬಿ,” ಎಂದು ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಇನಾಸನೂ ನಕ್ಕ. ನಗುವಾಗ ಅವನ ಮುಷ್ಟಿ ನನ್ನ ಅಂಚನ್ನು ಹಿಂಡುತ್ತಿತ್ತು.

ಗಂಗಪ್ಪನ ಮೇಸ್ತ್ರಿತನ ದಾನ್ಯಾನಿಗೆ ಬೇಕಾಗಿತ್ತು. ಮುದುಕ ಜಗ್ಗಲಿಲ್ಲ. ಒಂದು ಮಧ್ಯಾಹ್ನ ದಾನ್ಯಾ ಮಚ್ಚುಗಳನ್ನು ನನ್ನೊಳಗೆ ಸುತ್ತಿದ. “ಕೌದಿ ಹೊತ್ತ ಹಮಾಲನ್ನ ಯಾರ್ ನೋಡ್ತಾರ?” ತಣ್ಣನೆಯ ಕಬ್ಬಿಣ ನೀಲಿ ತೇಪೆಗೆ ಒತ್ತಿಕೊಂಡಿತು. ಹೊತ್ತವನು ಇನಾಸ್.

ಗಂಗಪ್ಪ ಚೀಲಗಳ ನೆರಳಲ್ಲಿ ರೊಟ್ಟಿ ಗಂಟು ಬಿಚ್ಚುತ್ತಿದ್ದ. ಮುತ್ತ್ಯಾನ ಏಟು ಹೆಗಲಿಗೆ ಬಿತ್ತು. ಬಾಳ್ಯಾ ಮೊಣಕಾಲಿಗೆ ಹೊಡೆದ. ಚೀಲ ಸೀಳಿ ಈರುಳ್ಳಿಗಳು ಉರುಳಿದವು, ಉರುಳುತ್ತಲೇ ಕೆಂಪಾದವು. ಜನ ಓಡಿದರು. ದಾನ್ಯಾ ಮೂರನೇ ಮಚ್ಚನ್ನು ಇನಾಸನ ಕೈಗೆ ತುರುಕಿದ.

“ನಿಂದೂ ಒಂದು ಬೀಳ್ಲಿ. ಇಲ್ಲಂದ್ರ ನೀ ನಮ್ಮಾಂವಲ್ಲ.”

ನೆಲದಿಂದ ಗಂಗಪ್ಪ ತಲೆಯೆತ್ತಿದ. “ಇನಾಸ,” ಎಂದ. “ನೀನೂ ಏನೋ?”

ಬೈದಿದ್ದರೆ ಕೈ ಸಲೀಸಾಗಿ ಏಳುತ್ತಿತ್ತೋ ಏನೋ. ಆ ದನಿಯಲ್ಲಿ ಬೈಗುಳ ಇರಲಿಲ್ಲ. ಹಿಂದೆ ಮೂವರು ಹುಡುಗರು ನೋಡುತ್ತಿದ್ದರು, ಮುಂದೆ ಒಬ್ಬ ಮುದುಕ. ಇನಾಸ್ ಕಣ್ಣು ಮುಚ್ಚಿ ಬೀಸಿದ. ತೋಳಿಗೆ ಬಿತ್ತು. ನೆತ್ತರು ಚಿಮ್ಮಿ ನನ್ನ ಮೇಲೆ ಬಂತು.

ಇನಾಸನ ಕೈಯ ಮಚ್ಚನ್ನೂ ಕಿತ್ತುಕೊಂಡು ಮೂವರೂ ಓಡಿದರು. ಇನಾಸ್ ಓಡಲಿಲ್ಲ. ಮೊಣಕಾಲೂರಿ ನನ್ನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದ. ಪರ್ ಎಂಬ ಅದೇ ಸದ್ದು. ಹೂವಿನ ಸಮೇತ ಆ ಪಟ್ಟಿಯನ್ನು ಮುದುಕನ ತೋಳಿಗೆ ಬಿಗಿದು, ಉಳಿದ ನನ್ನನ್ನು ಅವನ ಮೈಮೇಲೆ ಒತ್ತಿ ಹಿಡಿದ. ಜನ ತಿರುಗಿ ಬಂದು ಕಲ್ಲು ಬೀಸಿದಾಗ ಎದ್ದು ಓಡಿದ. ಗಂಗಪ್ಪ ನನ್ನ ಕೆಳಗೆ ನಡುಗುತ್ತ ನಡುಗುತ್ತ ಆಸ್ಪತ್ರೆಯ ದಾರಿಯಲ್ಲಿ ತಣ್ಣಗಾದ.

ಮೂವರ ಮುಖವನ್ನು ಯಾರೂ ನೋಡಿರಲಿಲ್ಲವಂತೆ. ಕರಿಯನೊಬ್ಬನನ್ನು ಎಲ್ಲರೂ ನೋಡಿದ್ದರು. ಪೊಲೀಸರು ಇನಾಸನನ್ನು ಹಿಡಿದು ತಂದು “ಇವನೇ ಏನು?” ಎಂದರೆ ಅದೇ ಜನ ತಲೆ ಕೆರೆದುಕೊಂಡರು. “ಎಲ್ಲಾ ಒಂದ ಥರಾ ಕಾಣ್ತಾರಲ್ರೀ ಸಾಹೇಬ್ರ.” ಹಾಗಾಗಿ ಉಳಿದದ್ದು ನಾನು. ಕೌದಿ ಇನಾಸನದೆಂದಾದರೆ ಅವನೂ ಸಿಕ್ಕ, ನಾನು ಮಲಗಿದ್ದ ಶೆಡ್ಡೂ ಸಿಕ್ಕಿತು, ದಾನ್ಯಾನೂ ಸಿಕ್ಕ. ಅದಕ್ಕೇ ದಾನ್ಯಾ ಮೊದಲೇ ಕೇರಿಗೆ ಹೋಗಿ ರೋಜಿನ್‌ಗೆ ಹೇಳಿ ಬಂದಿದ್ದ. “ನಮ್ದಲ್ಲ ಅನ್ರಿ ಸಾಕು. ಮಗ ಮನಿಗೆ ಬರ್ತಾನ. ಆಮ್ಯಾಲ ಅಂವನ್ನ ನಾ ನೋಡ್ಕೋತೇನಿ.”

ಫೌಜದಾರರು ಇನಾಸನನ್ನೂ ನನ್ನನ್ನೂ ಜೀಪಿನಲ್ಲಿ ಕೇರಿಗೆ ತಂದರು. ಅಂಗಳದಲ್ಲಿ ನನ್ನನ್ನು ಹರಡಿದರು. ಒಣಗಿದ ನೆತ್ತರಿಗೆ ನಾನು ಹಪ್ಪಳದಂತಾಗಿದ್ದೆ.

“ನಿಮ್ದೇನವಾ ಇದು?”

“ನಮ್ದಲ್ರಿ,” ಎಂದಳು ರೋಜಿನ್. ಮಗನ ಮುಖ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

“ಹಂಗಾರ ಸುತ್ರೋ,” ಎಂದರು ಫೌಜದಾರರು. ಪೇದೆ ಒಂದು ಮೂಲೆ ಹಿಡಿದು ಎತ್ತಿದ. ಅದು ನಾಲ್ಕನೇ ಮೂಲೆ. ಹರಿದ ನೂಲು ಜೋತಾಡುತ್ತಿತ್ತು. ರೋಜಿನ್‌ಳ ಕಣ್ಣು ಅಲ್ಲಿಗೆ ಬಿತ್ತು.

“ತಡೀರಿ.”

ಅಷ್ಟೇ ಅಂದದ್ದು. ಕುಪ್ಪಸಕ್ಕೆ ಸಿಕ್ಕಿಸಿದ್ದ ಸೂಜಿ ತೆಗೆದಳು. ಉಟ್ಟ ಸೀರೆಯ ಸೆರಗಿನಿಂದ ಚೂರು ಹರಿದು ಮಡಚಿದಳು, ಮತ್ತೆ ಮಡಚಿದಳು. ನೆಲಕ್ಕೆ ಕೂತು ನನ್ನ ಮೂಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಏನು ನಡೆಯುತ್ತಿದೆಯೆಂದು ಪೊಲೀಸರಿಗೆ ತಿಳಿಯುವಷ್ಟರಲ್ಲಿ ಕೇರಿಯ ಹೆಂಗಸರಿಗೆಲ್ಲ ತಿಳಿದುಹೋಗಿತ್ತು.

“ಆಯಿ, ಬ್ಯಾಡ,” ಎಂದ ಇನಾಸ್.

ಸೂಜಿ ಒಂದು ಗಳಿಗೆ ನಿಂತಿತು. ಆಗ ಅವಳಿಗೂ ತಿಳಿಯಿತು ತನ್ನ ಕೈ ಏನು ಮಾಡುತ್ತಿದೆಯೆಂದು. ಎದ್ದುಬಿಡಬಹುದಿತ್ತು. ಮುಂದಿನ ಹೊಲಿಗೆ ಹಾಕಿದಳು.

“ಬೆತ್ತಲೆ ಹ್ಯಾಂಗ ಕಳಸ್ಲಿ?” ಎಂದಳು, ತಲೆಯೆತ್ತದೆ. “ಇಲ್ಲಿದ್ದ ಹೂ ಎಲ್ಲಿ ಹೋತು ಇನಾಸ?”

ಠಾಣೆಯಲ್ಲಿ ಲಾಠಿ ಮುರಿದರೂ ಬಾಯಿ ಬಿಡದ ಹುಡುಗ. “ಮೇಸ್ತ್ರಿ ತೋಳಿಗೆ ಕಟ್ಟಿದ್ನಿ ಆಯಿ,” ಎಂದ. “ಕಡದಾಂವನೂ ನಾನ, ಕಟ್ಟಿದಾಂವನೂ ನಾನ.” ಆಮೇಲೆ ದಾನ್ಯಾನಿಂದ ಹಿಡಿದು ಎಲ್ಲವನ್ನೂ ಹೇಳಿದ.

ಈಗ ನಾನು ಕೋರ್ಟಿನಲ್ಲಿ ಸಾಕ್ಷಿಯ ಸಾಮಾನು ಇಡುವ ಮುದ್ದೆಮಾಲಿನ ಕೋಣೆಯಲ್ಲಿದ್ದೇನೆ. ಪಕ್ಕದಲ್ಲಿ ಆ ಮೂರು ಮಚ್ಚುಗಳು ತುಕ್ಕು ಹಿಡಿಯುತ್ತಿವೆ. ನಾಲ್ವರೂ ಜೈಲಿನಲ್ಲಿದ್ದಾರೆ. ಶಿಕ್ಷೆಯಾದ ದಿನ ದಾನ್ಯಾ ರೋಜಿನ್‌ಳತ್ತ ಉಗುಳಿದನಂತೆ. ಇನಾಸ್ ಅವಳ ಕಾಲು ಮುಟ್ಟಿದನಂತೆ. ಗಂಗಪ್ಪನ ಹೆಂಡತಿ ಇಬ್ಬರನ್ನೂ ನೋಡದೆ ನಡೆದುಹೋದಳಂತೆ. ಪೇದೆಗಳು ಬೀಡಿ ಸೇದುತ್ತ ಮಾತಾಡಿಕೊಂಡದ್ದು ಇದು.

ಈಚೆಗೆ ಇರುವೆಗಳು ನನ್ನನ್ನು ಕಂಡುಕೊಂಡಿವೆ. ಸಾಲುಗಟ್ಟಿ ಒಳಹೊಕ್ಕು, ಅಂದು ರೋಜಿನ್ ಹೊಟ್ಟೆಗೆ ಹಾಕಿದ ಅಕ್ಕಿಯನ್ನು ಒಂದೊಂದೇ ಕಾಳು ಹೊತ್ತೊಯ್ಯುತ್ತಿವೆ. ಒಯ್ಯಲಿ. ನನ್ನನ್ನು ಹೊದ್ದು ಮಲಗಿದ ನಾಲ್ವರು ಹುಡುಗರಿಗೆ ಆ ಅಕ್ಕಿ ಸಾಲಲಿಲ್ಲ, ಇವಕ್ಕಾದರೂ ಸಾಕಾಗಲಿ. ಹೊಟ್ಟೆ ಪೂರಾ ಖಾಲಿಯಾದ ಮೇಲೂ ನಾನು ಬೆತ್ತಲೆಯಂತೂ ಅಲ್ಲ.