ಒಂದು ಹಿಡಿ ಪೈನಾ

ಜಾವಾದ ನಮ್ಮ ಕೆಡುಂಗ್‌ಸಾರಿಯ ತೊರೆ ಯಾರನ್ನೂ ತೊರೆಯುವುದಿಲ್ಲ. ಮಳೆಗಾಲದಲ್ಲಿ ತಾನೇ ಮನೆಯೊಳಕ್ಕೆ ಬರುತ್ತದೆ. ಹೋದ ವರ್ಷ ಸಂತೆಬೀದಿಯಲ್ಲಿ ಎದೆಮಟ್ಟಕ್ಕೆ ನಿಂತು, ಮಸೀದಿಯ ಚಾಪೆಗಳನ್ನೂ ಹೊತ್ತೊಯ್ದಿತು. ಅದಕ್ಕೇ ಈ ಬೇಸಗೆಯಲ್ಲಿ ಊರಿಗೆ ಊರೇ ದಂಡೆಗಿಳಿದಿತ್ತು. ಕಡಿದಾದ ದಂಡೆಯನ್ನು ಇಳಿಜಾರಾಗಿ ಕಡಿದು, ಬುಡಕ್ಕೆ ಕಲ್ಲು ಕಟ್ಟಿ, ಮೇಲೆ ಲಾವಂಚ ನೆಡುವ ಕೆಲಸ. ಉಳಿದದ್ದು ಸ್ಮಶಾನದ ತಿರುವೊಂದೇ. ಅಲ್ಲಿ ಅಂಚಿನಲ್ಲೇ ಪೈನಾಳ ಹಳೆಯ ಗೋರಿ. ಅದನ್ನು ಎತ್ತದೆ ದಂಡೆ ಕಡಿಯುವಂತಿಲ್ಲ. ಕಡಿಯದಿದ್ದರೆ ನೀರು ಮತ್ತೆ ಅಲ್ಲಿಂದಲೇ ನುಗ್ಗುತ್ತದೆ. ಅವಳ ಗಂಡ, ಮುದುಕ ಸರ್ಮಿದಿ, ಎಷ್ಟೋ ಸಲ ಒಲ್ಲೆನೆಂದು ಕೊನೆಗೆ ಒಂದೇ ಷರತ್ತಿಗೆ ಒಪ್ಪಿದ: "ಅಗೆಯೋದು ನಾನೇ. ಅವಳು ಪೂರ್ತಿ ಬರ್ಬೇಕು, ಅರ್ಧಂಬರ್ಧ ಅಲ್ಲ."

ಬೆಳಿಗ್ಗೆಯೇ ಗುದ್ದಲಿ ಹಿಡಿದ. ಊರಿನಲ್ಲಿ ಸತ್ತವರ ಕಾರ್ಯವೆಲ್ಲ ನೋಡಿಕೊಳ್ಳುವ ಮೊದಿನ್ ಜುವರಿ ಬಿಳಿ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ. ಊರ ಮುಖಂಡರ ದನಿಯನ್ನು ಥೇಟ್ ತೆಗೆಯುವ ತುಕಿಜಾನ್, "ಸನ್ಮಾನ್ಯರೇ, ಆಂ... ಕಾಮಗಾರಿ, ಆಂ... ಭರದಿಂದ ಸಾಗಿದೆ!" ಎಂದು ಗಂಟಲುಬ್ಬಿಸಿದ. ಯಾರೂ ನಗಲಿಲ್ಲ. ಸರ್ಮಿದಿಯೊಬ್ಬನೇ ಗುಂಡಿಯೊಳಗಿಂದ, "ಜೋರಾಗಿ ಹೇಳೋ ಕೋತಿ, ಪೈನಾಗೆ ಕಿವಿ ಮಂದ" ಎಂದ.

ಎಷ್ಟು ಆಳಕ್ಕೆ ಹೋದರೂ ಎಲುಬಿಲ್ಲ, ಬಟ್ಟೆಯ ಚೂರಿಲ್ಲ. ಬರೀ ಮಣ್ಣು.

"ಸಾಕು ಅಜ್ಜ," ಎಂದ ಮೊದಿನ್. "ಒಂದು ಹಿಡಿ ಮಣ್ಣು ತಗೊಳ್ಳಿ. ಅದೇ ಅವ್ರು."

"ಯಾರ ಹಿಡಿ? ನಿಂದಾ, ನಂದಾ?"

"ನಿಮ್ದೇ."

"ಇಷ್ಟೇನಾ ಅವಳು? ದಪ್ಪಗಿದ್ಲಲ್ಲೋ! ಮಂಚ ಮುರಿದೋಳು!"

ಈಗ ನಾವು ನಕ್ಕೆವು. ಅವನು ಅಳುತ್ತಿದ್ದಾನೆಂದು ತಿಳಿಯುವಷ್ಟರಲ್ಲಿ ನಗು ಹೊರಬಿದ್ದಿತ್ತು.

ಆ ಹಿಡಿ ಮಣ್ಣನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಚಟ್ಟದ ಮೇಲಿಟ್ಟು, ರೀತಿಯಂತೆ ಕೊಡೆ ಹಿಡಿದು, ಗುಡ್ಡದ ಹೊಸ ಗೋರಿಗೆ ಒಯ್ದೆವು. ತೂಕವಿಲ್ಲದ ಚಟ್ಟ ಹೆಗಲ ಮೇಲೆ ಕುಣಿಯುತ್ತಿತ್ತು. ಆದರೂ ಭಾರ ಹೊತ್ತವರಂತೆಯೇ ನಡೆದೆವು.

ಹಿಂತಿರುಗಿದಾಗ ಹುಡುಗರು ಗುಂಡಿಯ ಮಿಕ್ಕ ಮಣ್ಣನ್ನು ತೊರೆಗೆ ಸುರಿಯಲು ಬುಟ್ಟಿ ಹಿಡಿದಿದ್ದರು. ಸರ್ಮಿದಿ ಓಡಿಹೋಗಿ ಅಡ್ಡ ನಿಂತ.

"ನಿಲ್ಸ್ರೋ! ನನ್ನ ಹಿಡಿಗೆ ಸಿಗ್ದೆ ಉಳಿದೋಳು ಇಲ್ಲೇ ಇದಾಳೆ!"

ಮೊದಿನ್ ಹುಡುಗನೊಬ್ಬನ ಕೈಯಿಂದ ಬುಟ್ಟಿ ತೆಗೆದು ಕೆಳಗಿಟ್ಟ.

"ಮತ್ತೆಲ್ಲಿ ಹಾಕೋಣ ಅಜ್ಜ?" ಎಂದ ತುಕಿಜಾನ್, ಈ ಸಲ ತನ್ನದೇ ದನಿಯಲ್ಲಿ.

"ಕಲ್ಲಿನ ಹಿಂದೆ ತುಂಬಿ. ಈ ನೀರಿನ ಜೊತೆ ಅವಳ ಜಗಳ ಹಳೇದು. ಅಡುಗೆಮನೆಗೆ ಬಂದ್ರೆ ಪೊರಕೆ ಎತ್ಕೊಂಡು ಬೈಯೋಳು."

ಒಂದು ಬುಟ್ಟಿಯೂ ನೀರಿಗೆ ಹೋಗಲಿಲ್ಲ. ಮಣ್ಣನ್ನು ಅವನೇ ತಟ್ಟಿ ಕೂರಿಸಿ, ಅದರಲ್ಲಿ ಲಾವಂಚ ನೆಟ್ಟ.

ಮಳೆ ಬಂತು. ತೊರೆ ಕೆಂಪಾಗಿ ಏರಿ, ತಿರುವಿನ ಕಲ್ಲಿಗೆ ಹಣೆ ಚಚ್ಚಿಕೊಂಡು, ಹೊರಳಿ ಹೋಯಿತು. ಸಂತೆಬೀದಿಗೆ ಕಾಲಿಡಲಿಲ್ಲ.

ಆ ಗುರುವಾರ ಸಂಜೆ, ಗೋರಿಗಳಿಗೆ ಹೂ ಚೆಲ್ಲುವ ಹೊತ್ತಿನಲ್ಲಿ, ಸರ್ಮಿದಿ ಗುಲಾಬಿ ಎಸಳಿನ ಬುಟ್ಟಿ ಹಿಡಿದು ಕವಲುದಾರಿಯಲ್ಲಿ ನಿಂತಿದ್ದ. ಮೇಲೆ ಗುಡ್ಡ, ಕೆಳಗೆ ದಂಡೆ.

"ಏನಜ್ಜ, ನಿಂತ್ಬಿಟ್ರಿ?" ಎಂದೆ.

"ಎರಡು ಮನೆ ಮಾಡ್ಕೊಂಡಿದಾಳೆ ನೋಡು. ಮೊದ್ಲು ಎಲ್ಲಿಗೆ ಹೋದ್ರೂ ಇನ್ನೊಂದು ಕಡೆ ಮುನಿಸು."

ಅರ್ಧ ಎಸಳನ್ನು ನನ್ನ ಬೊಗಸೆಗೆ ಸುರಿದು, ಗುಡ್ಡದ ಕಡೆ ಗದ್ದ ಎತ್ತಿ ತೋರಿಸಿ, ತಾನು ದಂಡೆಗೆ ಇಳಿದ.