ಆಸ್ಪತ್ರೆಗೆ ಎರಡನೇ ಗೇಟು

ಮೂರು ವಾರವಾದರೂ ಡಲ್ಸಿಯ ಕಾಲಿನ ಹುಣ್ಣು ವಾಸಿಯಾಗಿರಲಿಲ್ಲ. ಸಕ್ಕರೆ ಕಾಯಿಲೆಯ ಕಾಲು. ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾದೀತು ಎಂದು ನರ್ಸ್ ಎಚ್ಚರಿಸಿದ್ದಳು. ಆದರೂ ಡಲ್ಸಿ ಪಟ್ಟಿ ಕಟ್ಟಿಸಿಕೊಳ್ಳಲು ಊರ ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ಮೊಂಡು ಮುದುಕಿ ಎಂದರು, ಊರಿಗೆ ಹೊಸಬರಾದ ನರ್ಸುಗಳು.

ತಂಗಿ ನೊರೀನ್ ಅಲ್ಲೇ ಆರೋಗ್ಯ ಕಾರ್ಯಕರ್ತೆ. ಕೆಂಪು ಮರಳಿನ ಮೇಲಿನ ಹೆಜ್ಜೆ ಓದಿಕೊಂಡೇ ಅಕ್ಕನ ಮನೆಗೆ ಬಂದಳು.

"ಅಕ್ಕಾ, ನಿನ್ನೆ ಗೇಟಿನ ತನಕ ಬಂದು ವಾಪಸ್ ಹೋಗಿದೀಯ. ಎಡಗಾಲು ಎಳೆದಿರೋದು ನೀನೇ."

"ಗೊತ್ತಿದ್ದೂ ಕೇಳ್ತೀಯಲ್ಲ. ಅವನು ಜಗಲೀಲಿ ಕೂತಿದ್ದ."

ಅವನು ಎಂದರೆ ಅಳಿಯ. ಅತ್ತೆಯಾದವಳು ಅಳಿಯನಿಗೆ ಮುಖ ಕೊಡಬಾರದು, ಮಾತಾಡಬಾರದು. ಅದು ಆ ಕೆಂಪು ಮರುಭೂಮಿಯ ಮೂಲನಿವಾಸಿಗಳ ಮರ್ಯಾದೆ. ಆಸ್ಪತ್ರೆಗೋ ಒಂದೇ ಗೇಟು, ಒಂದೇ ಜಗಲಿ. ಡಲ್ಸಿಗೆ ಕಾಲಿಗಿಂತ ಮಾನ ದೊಡ್ಡದು.

"ನಾಳೆ ಆಲಿಸ್ ಸ್ಪ್ರಿಂಗ್ಸ್‌ನಿಂದ ಬ್ರಿಜಿಟ್ ಬರ್ತಾಳೆ, ಆಸ್ಪತ್ರೆ ಅಂಗಳ ಸರಿಮಾಡೋಕೆ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. ಅವಳ ಹತ್ರ ಹೇಳು."

"ಹೂವಿನ ಗಿಡ ನೆಡೋಳಿಗೆ ನಮ್ಮ ಮನೆ ವಿಷಯ ಯಾಕೆ?"

"ಹೂವಿನ ಗಿಡ ಅಷ್ಟೇ ಅಲ್ಲಕ್ಕ. ನೀರು ಎಲ್ಲಿ ಹರೀಬೇಕು, ನೆರಳು ಎಲ್ಲಿ ಬೀಳ್ಬೇಕು, ಜನ ಹೇಗೆ ಓಡಾಡ್ಬೇಕು, ಅದೇ ಅವಳ ಕಸುಬು."

ಬ್ರಿಜಿಟ್ ಬಂದವಳು ನಕ್ಷೆ ಬಿಚ್ಚಲಿಲ್ಲ. ನೆಲದ ಮೇಲೆ ಕೂತು ಚಹಾ ಕುಡಿದು, "ಈಗ ನೀವು ತೋರಿಸಿ" ಎಂದಳು. ಡಲ್ಸಿ ಮರಳಿನ ಮೇಲೆ ಬೆರಳಿನಿಂದ ಗೆರೆ ಎಳೆದಳು.

"ಗಂಡಸರು ಈ ಕಡೆಯಿಂದ. ನಾವು ಹಿಂದಿನಿಂದ, ಅತ್ತೆ ಅಳಿಯ ಎದುರಾಗಬಾರದು. ನಡುವೆ ಮುಲ್ಗಾ ಜಾಲಿ ಮರ, ದಟ್ಟವಾಗಿ. ಆದರೆ ಅವು ಬೆಳೆಯೋ ಹೊತ್ತಿಗೆ ನಾನಿರಲ್ಲ ಬಿಡು."

"ಅಲ್ಲೀ ತನಕ ಕಡ್ಡಿ ತಟ್ಟಿ ಕಟ್ಟೋಣ. ಚಾವಣಿ ನೀರು ಮಣ್ಣು ಕೊಚ್ಕೊಂಡು ಹೋಗ್ತಿದೆ, ಅದನ್ನ ಮರದ ಬುಡಕ್ಕೆ ತಿರುಗಿಸ್ತೀನಿ. ಧೂಳೂ ಅಡಗುತ್ತೆ."

ತಟ್ಟಿ ಕಟ್ಟಲು ಮೊದಲು ಬಂದವನು ಅಳಿಯನೇ. ಅವನಿಗೂ ಅಷ್ಟೇ ಸಂಕೋಚವಿತ್ತು, ಪಾಪ.

ಹಿಂಬದಿಯ ಹೊಸ ಗೇಟು ತೆರೆದ ದಿನ ಡಲ್ಸಿ ತಲೆಯೆತ್ತಿ ಒಳಗೆ ನಡೆದಳು. ಆಮೇಲೆ ಪಟ್ಟಿ ಕಟ್ಟಿಸಿಕೊಳ್ಳಲು ತಪ್ಪದೆ ಹೋದಳು. ಹುಣ್ಣು ವಾಸಿಯಾಯಿತು, ಐದು ಬೆರಳೂ ಉಳಿದವು. "ಓದಿದವಳು ಬ್ರಿಜಿಟ್. ಗೆರೆ ಎಳೆದವಳು ನಾನು" ಎಂದು ಬಂದವರಿಗೆಲ್ಲ ಹೇಳಿದಳು. ಆ ಜಂಬ ಅವಳಿಗೆ ಸಲ್ಲತಕ್ಕದ್ದೇ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮೂರಲ್ಲೂ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಕಟ್ಟುತ್ತಾರೆ. ಗೋಡೆ ಏಳುವ ಮೊದಲೇ, ಸುತ್ತಲಿನ ನೆಲದ ವಿನ್ಯಾಸ ಬಲ್ಲವರನ್ನು ಕರೆಸಿ ಎಂದು ಗ್ರಾಮಸಭೆಯಲ್ಲಿ ಕೇಳಿ. ಅವರು ಬಂದಾಗ ನಾಚಬೇಡಿ. ನಿಮ್ಮ ಮನೆಯವರು ಯಾವ ಬಾಗಿಲ ತನಕ ಹೋಗಿ ಹಿಂದಿರುಗುತ್ತಾರೆ, ಯಾಕೆ ಹಿಂದಿರುಗುತ್ತಾರೆ ಎಂದು ಬಾಯಿಬಿಟ್ಟು ಹೇಳಿ. ನೀವು ಹೇಳದಿದ್ದರೆ ಎಂಥ ಓದಿದವರಿಗೂ ಅದು ತಿಳಿಯದು.